ಬ್ರದರ್ ಸ್ವಲ್ಪ ಬನ್ನಿ, ಎತ್ತಬೇಕು

11 ವರ್ಷದಿಂದ ಸ್ಟಾಫ್ ನರ್ಸ್ ಆಗಿದೀನಿ, ಅದರಲ್ಲಿ ಮುಕ್ಕಾಲು ಪಾಲು ನಮ್ಮ ಫ್ಲೋರಲ್ಲಿ ಗಂಡಸು ಅಂತ ಇದ್ದಿದ್ದು ನಾನೊಬ್ಬನೇ, ಹಂಗಾಗಿ ಈ ಮಾತನ್ನ ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ. "ಬ್ರದರ್ ಸ್ವಲ್ಪ ಬನ್ನಿ, ಎತ್ತಬೇಕು." ಇಂಜೆಕ್ಷನ್ ಲೋಡ್ ಮಾಡ್ತಿದ್ರೂ ಅಷ್ಟೇ, ಊಟದ ಡಬ್ಬಿ ಬಿಚ್ಚಿ ಕೂತಿದ್ರೂ ಅಷ್ಟೇ, ಪಕ್ಕದ ವಾರ್ಡಿಂದಾನೂ ಬಂದು ಕರ್ಕೊಂಡು ಹೋಗೋರು. ಮೊದಮೊದಲು ಒಳಗೊಳಗೇ ಖುಷಿ ಆಗೋದು, ಸುಳ್ಳ್ಯಾಕೆ ಹೇಳ್ಲಿ, 23 ವಯಸ್ಸು, ಹಳ್ಳಿ ಮೈ, ನಾಲ್ಕು ಜನ ಸಿಸ್ಟರ್ಸ್ ನೋಡ್ತಿರುವಾಗ 80 ಕೆಜಿ ಪೇಷಂಟನ್ನ ಒಬ್ಬನೇ ಮೇಲಕ್ಕೆ ಎಳೆದಾಕಿದ್ರೆ ಯಾರಿಗೆ ತಾನೇ ಜಂಬ ಬರಲ್ಲ.

ಆ ಜಂಬ ಇಳಿದಿದ್ದು ಒಂದು ನೈಟ್ ಡ್ಯೂಟೀಲಿ, ಬೆಳಗಿನ ಜಾವ 4 ಗಂಟೆ ಹೊತ್ತಿಗೆ. ಸ್ಟ್ರೋಕ್ ಆಗಿದ್ದ ಯಜಮಾನ್ರು, 90 ಕೆಜಿ ಹತ್ರ ಹತ್ರ ಇದ್ರು, ಮೂಗಿಂದ ಹೊಟ್ಟೆಗೆ ಇಳಿಸಿರೋ ರೈಲ್ಸ್ ಟ್ಯೂಬಲ್ಲಿ ಫೀಡ್, ಅಂದ್ರೆ ನೀರಾಗಿರೋ ಆಹಾರ, ಹೋಗ್ತಿದ್ರಿಂದ ಕಾಟಿನ ತಲೆಭಾಗ ಮೇಲೆತ್ತಿಟ್ಟಿತ್ತು, ರಾತ್ರಿಯೆಲ್ಲಾ ಜಾರಿ ಜಾರಿ ಅವರ ಪಾದ ಕಾಟಿನ ಕೊನೆ ಹಲಗೆಗೆ ಒತ್ಕೊಂಡಿತ್ತು, ಗಲ್ಲ ಎದೆಗೆ ಬಂದಿತ್ತು. ನಾನು ತಲೆ ಕಡೆ ನಿಂತೆ, ಎರಡೂ ಕಂಕುಳಿಗೆ ಕೈ ಹಾಕಿದೆ, ಸಿಸ್ಟರ್ ಕಾಲು ಹಿಡ್ಕೊಂಡ್ರು, ಉಸಿರು ಬಿಗಿಹಿಡಿದು ಎಳೆದೆ. ಅವರೇನೋ ಮೇಲೆ ಬಂದ್ರು. ನನ್ನ ಸೊಂಟದಲ್ಲಿ ಒದ್ದೆ ಬಟ್ಟೆ ಹಿಂಡಿದ ಹಾಗಾಯ್ತು, ಬಗ್ಗಿದೋನು ಬಗ್ಗಿದ ಹಾಗೇ ನಿಂತ್ಬಿಟ್ಟೆ. ಡ್ಯೂಟಿ ಮುಗಿಯೋವರೆಗೂ ಐವಿ ಸ್ಟ್ಯಾಂಡನ್ನ ಊರುಗೋಲು ಮಾಡ್ಕೊಂಡು ಓಡಾಡಿದೀನಿ, ಒಬ್ರು ಪೇಷಂಟ್ ಕಡೆಯೋರು "ಏನ್ ಬ್ರದರ್, ನಿಮಗೇ ಡ್ರಿಪ್ಪಾ" ಅಂತ ನಕ್ಕಿದ್ರು. ಎಂಆರ್‌ಐ ಮಾಡ್ಸಿದ್ರೆ ಎಲ್4-ಎಲ್5 ಡಿಸ್ಕ್, ಅಂದ್ರೆ ಸೊಂಟದ ಹತ್ರ ಎರಡು ಬೆನ್ನುಮೂಳೆ ಮಧ್ಯೆ ಇರೋ ಮೆತ್ತೆ, ಹೊರಗೆ ಬಂದಿದೆ ಅಂತ. ಎಡಗಾಲಿನ ಹೆಬ್ಬೆರಳು ಈಗ್ಲೂ ಮಳೆಗಾಲದಲ್ಲಿ ಜುಮ್ ಅನ್ನತ್ತೆ.

ಐದು ವಾರ ಊರಲ್ಲಿ ಮಲಗಿದ್ದೆ. ನಮ್ಮೂರು ತಿಪಟೂರು ಹತ್ರ, ನಮ್ಮಪ್ಪ ಎಪಿಎಂಸಿ ಯಾರ್ಡಲ್ಲಿ ಹಮಾಲಿ ಆಗಿದ್ದೋರು, ಜೀವಮಾನವೆಲ್ಲಾ ಕೊಬ್ಬರಿ ಮೂಟೆ ಹೊತ್ತಿದಾರೆ. ಮಂಚದ ಪಕ್ಕ ಕೂತು ಎಲೆಅಡಿಕೆ ಹಾಕ್ಕೊಳ್ತಾ ನನ್ನ ನೋಡಿ ಒಂದಿನ, "ಅಲ್ಲ ಕಣ್ಲಾ, ಮೂಟೆ ಹೊತ್ತೋನು ನಾನು, ಸೊಂಟ ಹೋಗಿದ್ದು ನಿಂದು, ಅದೆಂಗ್ಲಾ?" ಅಂದ್ರು. ಆಮೇಲೆ ಹೆಂಗೆ ಎತ್ತಿದೆ ತೋರ್ಸು ಅಂದ್ರು. ಮಲಗಿದ್ದಲ್ಲೇ ಕೈ ಮುಂದೆ ಚಾಚಿ ತೋರಿಸಿದೆ. ಅಪ್ಪ ತಲೆ ತಲೆ ಚಚ್ಕೊಂಡ್ರು. "ಕೈ ಚಾಚಿ ಯಾರಾದ್ರೂ ಭಾರ ಎತ್ತುತಾರೇನ್ಲಾ? ಮೂಟೆ ಬೆನ್ನಿಗೆ ಅಂಟ್ಕಬೇಕು. ನಾನು ಒಂದಿನಾನೂ ಒಬ್ಬನೇ ನೆಲದಿಂದ ಮೂಟೆ ಎತ್ತಿಲ್ಲ, ಇಬ್ರು ಎತ್ತಿ ಬೆನ್ನಿಗೆ ಕೊಡೋರು, ನಾನು ಹೊತ್ಕಂಡು ಹೋಗ್ತಿದ್ದೆ ಅಷ್ಟೇಯ."

ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗಲ್ಲಿ ಬಾಡಿ ಮೆಕ್ಯಾನಿಕ್ಸ್, ಅಂದ್ರೆ ಮೈಗೆ ಪೆಟ್ಟಾಗದ ಹಾಗೆ ಭಾರ ಎತ್ತೋದು ಹೆಂಗೆ ಅಂತ, ಒಂದು ಚಾಪ್ಟರ್ ಓದಿ ಪರೀಕ್ಷೇಲಿ ಬರೆದು ಮಾರ್ಕ್ಸ್ ತಗೊಂಡಿದ್ದೋನಿಗೆ ಮೂರನೇ ಕ್ಲಾಸು ಓದಿದ ಅಪ್ಪ ಎರಡು ಮಾತಲ್ಲಿ ಅದನ್ನೇ ಹೇಳಿದ್ರು. ಲೆಕ್ಕ ಹಾಕಿದ್ರೆ ಅದು ನಿಜಾನೇ. ನಮ್ಮ ಬೆನ್ನಿನ ಸ್ನಾಯು ಬೆನ್ನುಮೂಳೆಯ ನಡುವಿನಿಂದ ಸುಮಾರು 5 ಸೆಂಟಿಮೀಟರ್ ಹಿಂದೆ ಇದೆ, ನೀವು 10 ಕೆಜಿನ 50 ಸೆಂಟಿಮೀಟರ್ ಮುಂದೆ ಹಿಡಿದ್ರೆ ಆ ಸ್ನಾಯು 100 ಕೆಜಿಯಷ್ಟು ಎಳೀಬೇಕು, ಅದೆಲ್ಲಾ ಬೀಳೋದು ಸೊಂಟದ ಡಿಸ್ಕ್ ಮೇಲೆ. ಅದೇ 10 ಕೆಜಿನ ಹೊಟ್ಟೆಗೆ ಒತ್ತಿ ಹಿಡಿದ್ರೆ ಅದು ಅರ್ಧಕ್ಕಿಂತಾನೂ ಕಮ್ಮಿ. ಭಾರ ಎಷ್ಟಿದೆ ಅನ್ನೋದಕ್ಕಿಂತ ಎಷ್ಟು ದೂರ ಇದೆ ಅನ್ನೋದೇ ಜಾಸ್ತಿ ಹೊಡೆತ ಕೊಡೋದು. ಕಾಟಲ್ಲಿ ಮಲಗಿರೋ ಮನುಷ್ಯ ಯಾವಾಗ್ಲೂ ದೂರಾನೇ ಇರ್ತಾನೆ, ಮಧ್ಯೆ ರೇಲಿಂಗು, ಹಾಸಿಗೆ ಅಂಚು, ಕೆಳಗೆ ಬೆಡ್‌ಪ್ಯಾನು.

ಇನ್ನೊಂದು ಲೆಕ್ಕ. ಅಮೆರಿಕದಲ್ಲಿ ನಿಯೋಶ್ ಅಂತ ಕೆಲಸದ ಜಾಗದ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡೋ ಸರ್ಕಾರಿ ಸಂಸ್ಥೆ ಇದೆ, ಅವರ ಪ್ರಕಾರ ಎಲ್ಲಾ ಅನುಕೂಲ ಇದ್ದಾಗಲೂ, ಅಂದ್ರೆ ಡಬ್ಬ ಮೈಗೆ ಹತ್ತಿರ ಇದೆ, ಹಿಡಿಯೋಕೆ ಹಿಡಿ ಇದೆ, ಸೊಂಟ ತಿರುಗಿಸೋ ಹಾಗಿಲ್ಲ, ಆಗಲೂ ಕೈಯಲ್ಲಿ ಎತ್ತೋದು 23 ಕೆಜಿ ದಾಟಬಾರ್ದು. ಅಲ್ಲೇ ಕೆಲಸ ಮಾಡ್ತಿದ್ದ ಥಾಮಸ್ ವಾಟರ್ಸ್ 2007ರಲ್ಲಿ ಪೇಷಂಟ್ ವಿಷಯಕ್ಕೆ ಅದನ್ನ 35 ಪೌಂಡಿಗೆ ಇಳಿಸಿದ್ರು, ಹತ್ತಿರ ಹತ್ತಿರ 16 ಕೆಜಿ. ಯಾಕಂದ್ರೆ ಮೂಟೆ ನಿಮ್ಮ ಕತ್ತು ಹಿಡ್ಕೊಳ್ಳಲ್ಲ, ಮೂಟೆಗೆ ನೋವಾಗಲ್ಲ, ಮೂಟೆ ಅರ್ಧ ದಾರೀಲಿ ಹೆದರಿ ಮೈ ಬಿಗಿ ಮಾಡ್ಕೊಳ್ಳಲ್ಲ, ಮೂಟೆಗೆ ಯೂರಿನ್ ಹೋಗೋಕೆ ಹಾಕಿರೋ ನಳಿಕೆ, ಕ್ಯಾತಿಟರ್, ಇರಲ್ಲ. 16 ಕೆಜಿ ಅಂದ್ರೆ ಎಷ್ಟು ಗೊತ್ತಾ, 70 ಕೆಜಿ ಮನುಷ್ಯನ ಒಂದು ಕಾಲೇ 11 ಕೆಜಿ ತೂಗತ್ತೆ. ಡ್ರೆಸ್ಸಿಂಗ್ ಮಾಡೋವಾಗ ಡಾಕ್ಟ್ರು "ಸ್ವಲ್ಪ ಕಾಲೆತ್ತಿ ಹಿಡ್ಕೊಳ್ಳಿ ಸಿಸ್ಟರ್" ಅಂತಾರಲ್ಲ, 10 ನಿಮಿಷ ಕೈ ಚಾಚಿ ಅದನ್ನ ಹಿಡ್ಕೊಂಡು ನಿಲ್ಲೋದು ಸಣ್ಣ ಕೆಲಸ ಅಲ್ಲ, ಕಾಲ ಕೆಳಗೆ ಎರಡು ದಿಂಬು ಕೊಟ್ಟು ಕೆಲಸ ಮುಗಿಸಬಹುದು, ಯಾರೂ ಕೇಳಲ್ಲ ಅಷ್ಟೇ.

ಅಂದ್ರೆ ಇಡೀ ಪೇಷಂಟನ್ನ ಎತ್ತೋ ಪ್ರಶ್ನೆಯೇ ಬರಲ್ಲ. ಇಬ್ರು ಸೇರಿದ್ರೂ ಬರಲ್ಲ, ಎಷ್ಟೇ ಮಂಡಿ ಬಗ್ಗಿಸಿ ಬೆನ್ನು ನೇರ ಮಾಡಿದ್ರೂ ಬರಲ್ಲ. ಕಾಲೇಜಲ್ಲಿ ಹೇಳ್ಕೊಟ್ಟಿದ್ದು "ಮಂಡಿ ಬಗ್ಗಿಸಿ, ಬೆನ್ನು ನೇರ ಇಟ್ಕೊಳ್ಳಿ" ಅಂತ, ಅದು ನೆಲದ ಮೇಲಿರೋ ಡಬ್ಬಕ್ಕೆ ಸರಿ, ಕಾಟಿನ ಪಕ್ಕ ನಿಂತು ಮಂಡಿ ಬಗ್ಗಿಸಿದ್ರೆ ಮಂಡಿ ಕಾಟಿನ ಕಂಬಿಗೆ ಬಡಿಯತ್ತೆ. ಸೊಂಟದ ಬೆಲ್ಟ್ ಹಾಕ್ಕೊಂಡ್ರೆ ಎತ್ತಬಹುದು ಅಂತ ನಮ್ಮಲ್ಲಿ ಅರ್ಧ ಜನ ನಂಬಿದಾರೆ, 1994ರಲ್ಲೇ ನಿಯೋಶ್ ಹೇಳಿದೆ, ಗಾಯ ಆಗದೇ ಇರೋರಿಗೆ ಬೆಲ್ಟು ಕಾಪಾಡತ್ತೆ ಅನ್ನೋದಕ್ಕೆ ಆಧಾರ ಇಲ್ಲ ಅಂತ. ಬೆಲ್ಟ್ ಹಾಕಿದ ಧೈರ್ಯಕ್ಕೆ ಇನ್ನೂ 10 ಕೆಜಿ ಜಾಸ್ತಿ ಎತ್ತುತೀವಿ, ಅಷ್ಟೇ ಆಗೋದು.

ಹಂಗಾಗಿ ನಾನು ವಾಪಸ್ ಡ್ಯೂಟಿಗೆ ಬಂದ್ಮೇಲೆ ಮೊದಲು ಬದಲಾಯಿಸಿದ್ದು ಮಾತನ್ನ. ಎತ್ತೋದು ಅನ್ನೋ ಪದಾನೇ ಬಿಟ್ಟೆ. ಕನ್ನಡದಲ್ಲಿ ಎಷ್ಟು ಚೆನ್ನಾಗಿರೋ ಪದಗಳಿದಾವೆ, ಜರುಗಿಸೋದು, ಸರಿಸೋದು, ಹೊರಳಿಸೋದು, ಮಗ್ಗುಲು ಮಾಡೋದು, ಎಬ್ಬಿಸೋದು. ಒಂದೊಂದಕ್ಕೂ ಮೈ ಬೇರೆ ಥರ ಕೆಲಸ ಮಾಡತ್ತೆ. ಎತ್ತಬೇಕು ಅಂದ್ರೆ ಕೈ ತಾನಾಗೇ ಕಂಕುಳಿಗೆ ಹೋಗತ್ತೆ, ಜರುಗಿಸ್ಬೇಕು ಅಂದ್ರೆ ಕಣ್ಣು ಬೆಡ್‌ಶೀಟ್ ಹುಡುಕತ್ತೆ. ಈಗ ಯಾರಾದ್ರೂ "ಎತ್ತಬೇಕು ಬ್ರದರ್" ಅಂದ್ರೆ "ಎತ್ತಲ್ಲ, ಜರುಗಿಸೋಣ ಬನ್ನಿ" ಅಂತೀನಿ, ಸಿಸ್ಟರ್ಸು ಹಿಂದೆ ನಿಂತು ಅಣಕಿಸ್ತಾರೆ, ಅಣಕಿಸ್ಲಿ ಬಿಡಿ.

ಮೇಲಕ್ಕೆ ಜರುಗಿಸೋದೇ ನಮ್ಮಲ್ಲಿ ದಿನಾ ಅತಿ ಹೆಚ್ಚು ಸಲ ಮಾಡೋ ಕೆಲಸ, ಅದಕ್ಕೇ ಅದರ ಬಗ್ಗೆ ಸ್ವಲ್ಪ ಉದ್ದ ಬರೀತೀನಿ. ಪೇಷಂಟ್ ಯಾಕೆ ಜಾರ್ತಾರೆ? ನಮ್ಮ ಫೌಲರ್ ಕಾಟಿಗೆ ಕಾಲ ಬುಡದಲ್ಲಿ ಎರಡು ಹ್ಯಾಂಡಲ್ ಇರತ್ತೆ, ಒಂದು ತಲೆಭಾಗಕ್ಕೆ, ಒಂದು ಮಂಡಿ ಭಾಗಕ್ಕೆ. ನಾವೆಲ್ಲಾ ತಿರುಗಿಸೋದು ತಲೆದು ಮಾತ್ರ, ಮಂಡಿ ಹ್ಯಾಂಡಲ್ ತುಕ್ಕು ಹಿಡಿದು ಕೂತಿರತ್ತೆ. ತಲೆ ಮೇಲೆ ಹೋಯ್ತು, ಕಾಲು ಚಪ್ಪಟೆ ಇದೆ, ಅಂದ್ರೆ ಅದು ಜಾರುಬಂಡೆ, ಜಾರದೇ ಇನ್ನೇನಾಗತ್ತೆ. ಜಾರೋವಾಗ ಚರ್ಮ ಶೀಟಿಗೆ ಅಂಟ್ಕೊಂಡಿರತ್ತೆ, ಒಳಗಿನ ಮೂಳೆ ಕೆಳಗೆ ಹೋಗತ್ತೆ, ಮಧ್ಯೆ ಇರೋ ರಕ್ತನಾಳ ತಿರುಚ್ಕೊಳ್ಳತ್ತೆ, ಸೊಂಟದ ಕೆಳಗೆ ಬೆಡ್‌ಸೋರ್, ಅಂದ್ರೆ ಮಲಗಿ ಮಲಗಿ ಆಗೋ ಹುಣ್ಣು, ಶುರುವಾಗೋದಕ್ಕೆ ಇದೂ ಒಂದು ದೊಡ್ಡ ಕಾರಣ. ಮೊದಲು ಮಂಡಿ ಹ್ಯಾಂಡಲ್ ಒಂದು ನಾಲ್ಕು ಸುತ್ತು, ಆಮೇಲೆ ತಲೆ ಹ್ಯಾಂಡಲ್. ಇಷ್ಟು ಮಾಡಿದ್ರೆ ರಾತ್ರಿ ಮೂರು ಸಲ ಜರುಗಿಸೋದು ಒಂದು ಸಲಕ್ಕೆ ಇಳಿಯತ್ತೆ. ನಮ್ಮ ವಾರ್ಡಿನ ಎಲ್ಲಾ ಮಂಡಿ ಹ್ಯಾಂಡಲ್‌ಗೂ ನಾನೇ ಒಂದಿನ ತೆಂಗಿನೆಣ್ಣೆ ಹಾಕಿ ತಿರುಗಿಸಿ ಸರಿ ಮಾಡಿದೆ, ಮೇಂಟೆನೆನ್ಸ್‌ನೋರಿಗೆ ಹೇಳಿ ಹೇಳಿ ಸಾಕಾಗಿತ್ತು.

ಜಾರೇಬಿಟ್ಟಿದಾರೆ ಅಂತಿಟ್ಕೊಳ್ಳಿ. ಮೊದಲು ಫೀಡ್ ಹೋಗ್ತಿದ್ರೆ ನಿಲ್ಲಿಸಿ, ಆಮೇಲೆ ತಲೆಭಾಗ ಇಳಿಸಿ ಚಪ್ಪಟೆ ಮಾಡಿ, ಉಸಿರಾಟದ ತೊಂದರೆ ಇರೋರಾದ್ರೆ ಎಷ್ಟು ತಡ್ಕೊಳ್ತಾರೋ ಅಷ್ಟೇ. ಏರಿನ ಮೇಲಕ್ಕೆ ಎಳೆಯೋದಕ್ಕೂ ಸಮತಟ್ಟಲ್ಲಿ ಎಳೆಯೋದಕ್ಕೂ ವ್ಯತ್ಯಾಸ ಎತ್ತಿನ ಗಾಡಿ ಹೊಡೆದೋರಿಗೆ ಗೊತ್ತು. ದಿಂಬು ತೆಗೆದು ತಲೆ ಕಡೆ ಹಲಗೆಗೆ ನಿಲ್ಲಿಸಿ, ರಭಸಕ್ಕೆ ತಲೆ ಬಡಿಯೋದು ಬೇಡ. ಚಕ್ರದ ಬ್ರೇಕ್ ಹಾಕಿ, ನಮ್ಮಲ್ಲಿ ಎರಡು ಕಾಟಿನ ಬ್ರೇಕ್ ಹಿಡಿಯಲ್ಲ, ಇಟ್ಟಿಗೆ ಇಟ್ಟಿದೀವಿ. ಯೂರಿನ್ ಬ್ಯಾಗ್ ಯಾವ ಕಡೆ ಇದೆ, ಐವಿ ಲೈನ್ ಎಷ್ಟು ಉದ್ದ ಇದೆ ನೋಡ್ಕೊಳ್ಳಿ, ಒಂದ್ಸಲ ನೋಡದೇ ಎಳೆದು ಕ್ಯಾತಿಟರನ್ನ, ಅದು ಒಳಗೆ ನಿಲ್ಲೋಕೆ ಉಬ್ಬಿಸಿರೋ ಬಲೂನ್ ಸಮೇತ, ಎಳೆದಾಡಿದ್ದನ್ನ ನಾನು ಕಣ್ಣಾರೆ ಕಂಡಿದೀನಿ, ಆ ಯಪ್ಪ ಕೂಗಿದ್ದು ಇನ್ನೂ ಕಿವೀಲಿದೆ.

ಆಮೇಲೆ ಡ್ರಾ ಶೀಟ್, ಅಂದ್ರೆ ಪೇಷಂಟನ್ನ ಜರುಗಿಸೋಕೆ ಅಂತ ಬೆಡ್‌ಶೀಟ್ ಮೇಲೆ ಅಡ್ಡಕ್ಕೆ ಹಾಸೋ ಬಟ್ಟೆ. ಭುಜದಿಂದ ತೊಡೆವರೆಗೂ ಮೈಕೆಳಗೆ ಬರಬೇಕು, ಬರೀ ಸೊಂಟದ ಕೆಳಗೆ ಇದ್ರೆ ತಲೆ ಹಿಂದಕ್ಕೆ ವಾಲತ್ತೆ. ಎರಡೂ ಕಡೆ ಅಂಚನ್ನ ಚಾಪೆ ಸುತ್ತಿದ ಹಾಗೆ ಸುತ್ಕೊಂಡು ಪೇಷಂಟ್ ಮೈಗೆ ತಾಗೋ ಅಷ್ಟು ಹತ್ತಿರಕ್ಕೆ ತಂದು ಹಿಡೀಬೇಕು, ಶೀಟಿನ ತುದಿ ಹಿಡಿದ್ರೆ ಮತ್ತೆ ಕೈ ಚಾಚಿದ ಹಾಗೇ ಆಯ್ತು. ಈ ಕಡೆ ಒಬ್ರು ಆ ಕಡೆ ಒಬ್ರು, ರೇಲಿಂಗ್ ಇಳಿಸಿ ತೊಡೆ ಕಾಟಿಗೆ ತಾಗೋ ಹಾಗೆ ನಿಂತು, ಒಂದು ಕಾಲು ಪೇಷಂಟ್ ಸೊಂಟದ ನೇರಕ್ಕೆ, ಇನ್ನೊಂದು ಕಾಲು ತಲೆ ಕಡೆಗೆ. ಈಗ ಕೈಯಿಂದ ಎಳೆಯೋದಲ್ಲ, ಮೈಭಾರಾನ ಒಂದು ಕಾಲಿಂದ ಇನ್ನೊಂದು ಕಾಲಿಗೆ ದಾಟಿಸೋದು, ರಾಗಿ ಬೀಸೋವಾಗ ಮೈ ಮುಂದಕ್ಕೂ ಹಿಂದಕ್ಕೂ ತೂಗಲ್ವಾ ಆ ಥರ. ಕೈ ಬರೀ ಕೊಕ್ಕೆ. ಪೇಷಂಟಿಗೆ ಸ್ವಲ್ಪನಾದ್ರೂ ಶಕ್ತಿ ಇದ್ರೆ ಮಂಡಿ ಮಡಚಿಸಿ ಹಿಮ್ಮಡಿ ಊರಿಸಿ ಗಲ್ಲ ಎದೆಗೆ ತರೋಕೆ ಹೇಳಿ, ಅವರು ಒಂದು ಸಲ ಒದ್ದುಕೊಂಡ್ರೆ ನಿಮ್ಮ ಅರ್ಧ ಕೆಲಸ ಮುಗೀತು.

ಲೆಕ್ಕ ಹೇಳೋದು ಒಂದು ದೊಡ್ಡ ರಾಮಾಯಣ. ಒಂದು, ಎರಡು, ಮೂರು ಅಂತಾರೆ, ಒಬ್ರು ಮೂರು ಅನ್ನೋವಾಗ ಎಳೀತಾರೆ, ಇನ್ನೊಬ್ರು ಮೂರು ಅಂದ್ಮೇಲೆ ಎಳೀತಾರೆ, ಮಲಯಾಳಿ ಸಿಸ್ಟರ್ ಮನಸ್ಸಲ್ಲಿ ಮಲಯಾಳದಲ್ಲಿ ಎಣಿಸ್ತಿರ್ತಾರೆ. ಮುಂಚೆ ಎಳೆದೋರ ಮೇಲೆ ಇಡೀ ಭಾರ ಬೀಳತ್ತೆ. ನಾವೀಗ ಮೂರು ಅನ್ನೋದನ್ನೇ ತೆಗೆದಿದೀವಿ, "ಒಂದು, ಎರಡು, ಜರುಗ್ಸಿ". ಜರುಗ್ಸಿ ಅನ್ನೋವಾಗ ಜರುಗಿಸೋದು, ಗೊಂದಲ ಇಲ್ಲ.

ಇದನ್ನ ಕಲಿಸಿದ್ದು ಕೋವಿಡ್. 2020, 21ರಲ್ಲಿ ವೆಂಟಿಲೇಟರ್ ಮೇಲಿದ್ದೋರನ್ನ ಬೋರಲು ಮಲಗಿಸ್ಬೇಕಿತ್ತು, ದಿನಕ್ಕೆ 16 ಗಂಟೆ ಬೋರಲು, ಮತ್ತೆ ಅಂಗಾತ. ಒಬ್ಬೊಬ್ರಿಗೂ ಐದು ಜನ ಬೇಕು, ತಲೆ ಹತ್ರ ಒಬ್ರು ಉಸಿರಾಟದ ಟ್ಯೂಬ್ ಹಿಡ್ಕೊಂಡು, ಎರಡೂ ಕಡೆ ಇಬ್ಬಿಬ್ರು. ಪಿಪಿಇ ಒಳಗೆ ಬೆವರು ಕಣ್ಣಿಗೆ ಇಳೀತಿರತ್ತೆ, ಮಾತು ಕೇಳ್ಸಲ್ಲ, ಅಂಥದ್ರಲ್ಲಿ ಟ್ಯೂಬ್ ಕಿತ್ರೆ ಜೀವಾನೇ ಹೋಗತ್ತೆ. ಅದಕ್ಕೇ ಅಲ್ಲಿ ತಲೆ ಹತ್ರ ಇರೋರೇ ಲೆಕ್ಕ ಹೇಳ್ಬೇಕು, ಬೇರೆ ಯಾರೂ ಬಾಯಿ ಬಿಡೋ ಹಾಗಿಲ್ಲ, ದೊಡ್ಡ ಡಾಕ್ಟ್ರೇ ಇದ್ರೂ ಅಷ್ಟೇ. ಆಶ್ಚರ್ಯ ಏನಂದ್ರೆ ಅಷ್ಟು ಜನರನ್ನ ಹೊರಳಿಸಿದೀವಿ, ಆ ಎರಡು ವರ್ಷ ನಮ್ಮ ಟೀಮಲ್ಲಿ ಯಾರ ಸೊಂಟಾನೂ ಹೋಗ್ಲಿಲ್ಲ. ಐದು ಜನ ಇದ್ವಿ, ಒಬ್ರೇ ಲೆಕ್ಕ ಹೇಳ್ತಿದ್ರು, ಆತುರ ಇರ್ಲಿಲ್ಲ. ಕೋವಿಡ್ ಹೋಯ್ತು, ಮತ್ತೆ ಇಬ್ರೇ, ಮತ್ತೆ "ಬೇಗ ಬೇಗ ಬ್ರದರ್".

ಸ್ಲೈಡ್ ಶೀಟ್ ಅಂತ ಒಂದು ವಸ್ತು ಇದೆ, ನೈಲಾನ್ ಬಟ್ಟೆ, ಒಳಗಡೆ ರೇಷ್ಮೆ ಥರ ನುಣ್ಣಗೆ, ಎರಡು ಪದರ ಪೇಷಂಟ್ ಕೆಳಗೆ ಇದ್ರೆ ಒಂದರ ಮೇಲೊಂದು ಜಾರಿ ಮನುಷ್ಯ ಬೆಣ್ಣೆ ಮೇಲಿದ್ದ ಹಾಗೆ ಬರ್ತಾನೆ. ನನ್ನ ಬ್ಯಾಚ್‌ಮೇಟ್ ಒಬ್ಬ ಇಂಗ್ಲೆಂಡಲ್ಲಿದಾನೆ, ಅಲ್ಲಿ 1992ರಿಂದಾನೇ ಭಾರ ಎತ್ತಿಸೋದ್ರ ಮೇಲೆ ಕಾನೂನು ಇದೆ, ಇವನು ಹೋದ ಹೊಸತರಲ್ಲಿ ನಮ್ಮೂರ ಅಭ್ಯಾಸದಲ್ಲಿ ಒಬ್ಬ ಅಜ್ಜನ ಕಂಕುಳಿಗೆ ಕೈ ಹಾಕಿದ್ದಕ್ಕೆ ಸೀನಿಯರ್ ಕರೆದು ಅರ್ಧ ಗಂಟೆ ಕ್ಲಾಸ್ ತಗೊಂಡ್ರಂತೆ. ನಿಲ್ಲೋಕಾಗದೇ ಇರೋರಿಗೆ ಅಲ್ಲಿ ಹಾಯ್ಸ್ಟ್, ಅಂದ್ರೆ ಜೋಳಿಗೆಯಲ್ಲಿ ಕೂರಿಸಿ ಮೆಷಿನ್ ಎತ್ತತ್ತೆ. ನಮ್ಮಲ್ಲೂ ಒಂದಿತ್ತು, ಯಾರೋ ದಾನ ಕೊಟ್ಟಿದ್ದು. ಬ್ಯಾಟರಿ ಸತ್ತು, ಜೋಳಿಗೆ ಲಾಂಡ್ರಿಗೆ ಹೋಗಿದ್ದು ವಾಪಸ್ ಬರದೇ, ಈಗ ಸ್ಟೋರ್ ರೂಮಲ್ಲಿ ಅದರ ಮೇಲೆ ಒದ್ದೆ ಏಪ್ರನ್ ಒಣಗಾಕ್ತಾರೆ. ಸ್ಲೈಡ್ ಶೀಟ್ ಇಲ್ದೇ ಇದ್ದಾಗ ನಾವು ಮಾಡೋ ಉಪಾಯ, ದಪ್ಪ ಪ್ಲಾಸ್ಟಿಕ್ ಕವರ್, ಹೊಸ ಹಾಸಿಗೆಗೆ ಸುತ್ತಿ ಬರೋ ಅಂಥದ್ದು, ಎರಡು ಮಡಿಕೆ ಮಾಡಿ ಡ್ರಾ ಶೀಟ್ ಕೆಳಗೆ ಹಾಕಿ ಜರುಗಿಸೋದು. ಚೆನ್ನಾಗೇ ಕೆಲಸ ಮಾಡತ್ತೆ. ಆದ್ರೆ ಜರುಗಿಸಿದ ತಕ್ಷಣ ತೆಗೀಲೇಬೇಕು, ಇಲ್ಲಾಂದ್ರೆ ಬೆವರು ಹಿಡಿದು ಚರ್ಮ ಹಾಳು, ಮೇಲಾಗಿ ಪೇಷಂಟ್ ಕಾಟಿಂದ ಕೆಳಗೇ ಜಾರಬಹುದು, ಒಬ್ರದ್ದು ಇನ್ನೊಬ್ರಿಗೆ ಹಾಕಬಾರ್ದು.

ಮಗ್ಗುಲು ಮಾಡೋದು ಇದಕ್ಕಿಂತ ಸುಲಭ, ಆದ್ರೆ ನಾವು ಬೇಕು ಅಂತಾನೇ ಕಷ್ಟ ಮಾಡ್ಕೊಳ್ತೀವಿ. 2 ಗಂಟೆಗೊಂದ್ಸಲ ಮಗ್ಗುಲು ಅಂತ ಚಾರ್ಟಲ್ಲಿ ಟಿಕ್ ಇರತ್ತೆ, ಟಿಕ್ ಎಷ್ಟು ನಿಜ ಅನ್ನೋದು ಬರೆದೋರಿಗೂ ದೇವರಿಗೂ ಗೊತ್ತು. ಬಲಗಡೆ ಹೊರಳಿಸೋದಾದ್ರೆ ನಾವು ಬಲಗಡೆ ನಿಲ್ಲಬೇಕು, ಮೊದಲು ಡ್ರಾ ಶೀಟಿಂದ ಪೇಷಂಟನ್ನ ಸ್ವಲ್ಪ ಎಡಕ್ಕೆ ಜರುಗಿಸಿರಬೇಕು, ಇಲ್ಲಾಂದ್ರೆ ಹೊರಳಿದ್ಮೇಲೆ ಮೂಗು ರೇಲಿಂಗಿಗೆ. ಎಡಗೈ ಎದೆ ಮೇಲೆ, ಎಡ ಮಂಡಿ ಮಡಚಿ ಪಾದ ಹಾಸಿಗೆಗೆ ಊರಿಸಿ. ಮಡಚಿದ ಮಂಡೀನೇ ಇಲ್ಲಿ ಸನ್ನೆಗೋಲು. ಒಂದು ಕೈ ಭುಜದ ಹಿಂದೆ, ಒಂದು ಕೈ ಸೊಂಟದ ಹಿಂದೆ ಇಟ್ಟು ನಮ್ಮ ಕಡೆಗೆ ಹೊರಳಿಸಿದ್ರೆ ಮಂಡಿ ತೂಕಕ್ಕೇ ಅರ್ಧ ಮೈ ತಿರುಗತ್ತೆ. ಪೂರ್ತಿ ಅಡ್ಡ ಮಲಗಿಸಬಾರ್ದು, ತೊಡೆ ಪಕ್ಕದ ಮೂಳೆ ಮೇಲೆ ಭಾರ ಬಿದ್ದು ಅಲ್ಲೇ ಹುಣ್ಣಾಗತ್ತೆ, ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿ ಓರೆ ಸಾಕು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ಇನ್ನೊಂದು ದಿಂಬು. ದಿಂಬು ಎಲ್ಲಿದೆ ಅಂತೀರಾ, ಸುತ್ತಿದ ಕಂಬಳೀನೂ ನಡೆಯತ್ತೆ. ಬೆನ್ನುಮೂಳೆ ಪೆಟ್ಟಾಗಿರೋರಿಗೆ ಮಾತ್ರ ಇದ್ಯಾವುದೂ ಇಲ್ಲ, ಮಂಡಿ ಮಡಚೋದೂ ಇಲ್ಲ, ತಲೆಗೆ ಒಬ್ರು ಇದ್ದು ಇಡೀ ಮೈಯನ್ನ ಮರದ ದಿಮ್ಮಿ ಉರುಳಿಸಿದ ಹಾಗೆ ಒಂದೇ ಸಲ ತಿರುಗಿಸ್ಬೇಕು, ಜನ ಸಾಲದೇ ಇದ್ರೆ ಜನ ಬರೋವರೆಗೂ ಕಾಯಬೇಕು.

ಈಗ ಎಬ್ಬಿಸೋ ವಿಷ್ಯ. ಇದನ್ನ ನನಗೆ ಕಲಿಸಿದ್ದು ಒಬ್ಬ ಅಜ್ಜಿ. ಸೊಂಟದ ಆಪರೇಷನ್ನೂ ಅಲ್ಲ ಏನಲ್ಲ, ನ್ಯುಮೋನಿಯಾ ಬಂದು ಹತ್ತು ದಿನ ಮಲಗಿ ಸುಸ್ತಾಗಿದ್ರು, ದಪ್ಪ ಮೈ. ನಾನು ಹೊಸದಾಗಿ ವಾಪಸ್ ಡ್ಯೂಟಿಗೆ ಬಂದಿದ್ದೆ, ಅವರ ಎರಡೂ ಕೈ ಹಿಡಿದು ಎಳೆಯೋಕೆ ಹೋದ್ರೆ ಅಜ್ಜಿ ಹಿಂದಕ್ಕೇ ಜಗ್ತಿದಾರೆ, ನನಗೆ ಸೊಂಟದ ಭಯ. ಕೊನೆಗೆ ಸಾಕಾಗಿ ಕೇಳಿದೆ, "ಅಜ್ಜಿ, ಮನೇಲಿ ಹೆಂಗೆ ಏಳ್ತಿದ್ರಿ?" ಅಂತ. "ಯೋ, ನೀನು ಕೈ ಬಿಟ್ರಲ್ವೇನಪ್ಪ ಏಳೋದು" ಅಂದ್ರು. ಕೈ ಬಿಟ್ಟೆ. ಅಜ್ಜಿ ನಿಧಾನಕ್ಕೆ ಮಗ್ಗುಲಾದ್ರು, ಕಾಲೆರಡನ್ನೂ ಮಂಚದ ಅಂಚಿಂದ ಕೆಳಗಿಳಿಬಿಟ್ರು, ಆ ಕಾಲಿನ ಭಾರಕ್ಕೆ ಮೈ ತಾನಾಗೇ ಮೇಲೆ ಬರ್ತಾ ಇರೋವಾಗ ಮೊಣಕೈ ಊರಿ "ಶಿವನೇ" ಅಂತ ಕೂತ್ಬಿಟ್ರು. ನಾನು ಬರೀ ಭುಜದ ಹಿಂದೆ ಕೈ ಇಟ್ಟಿದ್ದೆ. 60 ವರ್ಷ ಚಾಪೆ ಮೇಲಿಂದ ಎದ್ದ ಮೈ ಅದು, ನಾನು ಎಳೆದು ಎಳೆದು ಅದಕ್ಕೆ ಏಳೋದನ್ನೇ ಮರೆಸ್ತಿದ್ದೆ.

ಅವತ್ತಿಂದ ಎಲ್ರನ್ನೂ ಮೊದಲು ಕೇಳ್ತೀನಿ, ನಿಮ್ಮಿಂದ ಎಷ್ಟಾಗತ್ತೆ ಮಾಡಿ, ಉಳಿದಿದ್ದು ನಾನು. ಕೂತ ಮೇಲೆ ಒಂದೆರಡು ನಿಮಿಷ ಕಾಲು ಇಳಿಬಿಟ್ಕೊಂಡು ಹಾಗೇ ಇರ್ಲಿ, ಬಹಳ ದಿನ ಮಲಗಿದೋರಿಗೆ ಬಿಪಿ ಇಳಿದು ಕಣ್ಣು ಕತ್ತಲೆ ಬರತ್ತೆ. ವೀಲ್‌ಚೇರು ಶಕ್ತಿ ಇರೋ ಕಡೆಗೆ, ಬ್ರೇಕ್ ಹಾಕಿ, ಕಾಲಿಡೋ ಹಲಗೆ ಮಡಚಿ. ಸ್ಟ್ರೋಕ್ ಆದ ಕಡೆಯ ಕೈ ಹಿಡಿದು ಯಾವ ಕಾರಣಕ್ಕೂ ಎಳೀಬಾರ್ದು, ಆ ಭುಜದ ಸ್ನಾಯು ಸತ್ವ ಕಳ್ಕೊಂಡಿರತ್ತೆ, ಕೀಲು ಜಾರಿಬಿಡತ್ತೆ. "ನನ್ನ ಕತ್ತು ಹಿಡ್ಕೊಳ್ಳಿ" ಅಂತ ಅಂತೂ ಸಾಯೋವರೆಗೂ ಹೇಳಬೇಡಿ, ಅವರು ಜಾರಿದ್ರೆ ಇಡೀ ಮೈ ನಿಮ್ಮ ಕತ್ತಿಗೆ ನೇತಾಡತ್ತೆ. ಪೇಷಂಟ್ ಸೊಂಟಕ್ಕೆ ಒಂದು ಬೆಲ್ಟ್ ಕಟ್ಟಿ ಅದನ್ನ ಹಿಡೀಬೇಕು, ನಮ್ಮಲ್ಲಿ ಬೆಲ್ಟ್ ಇಲ್ಲ, ಪೇಷಂಟ್ ಕಡೆಯೋರ ಪಂಚೇನ ಅಗಲಕ್ಕೆ ಮಡಚಿ ಕಟ್ತೀವಿ, ಹೊಟ್ಟೆ ಆಪರೇಷನ್ ಆಗಿರೋರಿಗೆ ಬಿಟ್ಟು. ಪಾದ ಹಿಂದಕ್ಕೆ, ತಲೆ ಮುಂದಕ್ಕೆ ಬಗ್ಗಿಸಿ ಮೂಗು ಹೆಬ್ಬೆರಳಿನ ನೇರಕ್ಕೆ ಬಂದಾಗ ಕುಂಡಿ ತಾನಾಗೇ ಮೇಲೆ ಬರತ್ತೆ, ನೀವೇ ಈಗ ಕುರ್ಚೀಲಿ ಕೂತು ಮಾಡಿ ನೋಡಿ, ತಲೆ ಹಿಂದೆ ಇಟ್ಕೊಂಡು ಏಳೋಕೆ ಆಗತ್ತಾ ಅಂತ. ನಾವು ಮುಂದೆ ನಿಂತು ಎದೆಗೆ ಎದೆ ಕೊಟ್ಟು ನಿಂತ್ರೆ ಅವರು ತಲೆ ಬಗ್ಗಿಸೋಕೆ ಜಾಗಾನೇ ಇರಲ್ಲ, ಪಕ್ಕದಲ್ಲಿ ನಿಲ್ಲಿ.

ಬೀಳ್ತಾ ಇರೋರನ್ನ ಹಿಡಿಯೋಕೆ ಹೋಗ್ಬೇಡಿ ಅಂದ್ರೆ ಜನಕ್ಕೆ ಸಿಟ್ಟು ಬರತ್ತೆ. ಹಿಡಿಯೋಕೆ ಆಗಲ್ಲ ರೀ, ಇಬ್ರೂ ಬೀಳ್ತೀರಿ. ಒಂದು ಕಾಲು ಮುಂದಿಟ್ಟು ನಿಮ್ಮ ತೊಡೆ ಮೇಲೆ ಜಾರಿಸ್ಕೊಂಡು ನಿಧಾನಕ್ಕೆ ನೆಲಕ್ಕೆ ಕೂರಿಸಿ, ತಲೆ ಮಾತ್ರ ಕಾಪಾಡಿ. ಬಿದ್ದಮೇಲೆ ತಕ್ಷಣ ಎತ್ತೋ ಅವಸರಾನೂ ಬೇಡ, ಡಾಕ್ಟ್ರು ನೋಡೋವರೆಗೂ ದಿಂಬು ಕೊಟ್ಟು ನೆಲದಲ್ಲೇ ಮಲಗಿಸಿ. ಪೇಷಂಟ್ ಕಡೆಯೋರು ಬೈತಾರೆ, "ನೆಲದ ಮೇಲೆ ಬಿಟ್ಟಿದೀರಲ್ರೀ" ಅಂತ. ಬೈಸ್ಕೊಳ್ಳೋದು ಡಿಸ್ಕ್ ಆಪರೇಷನ್ನಿಗಿಂತ ಅಗ್ಗ.

ಇಷ್ಟೆಲ್ಲಾ ಹೇಳಿದ್ಮೇಲೂ ಒಂದು ಒಪ್ಕೊಳ್ಲೇಬೇಕು, ಟೆಕ್ನಿಕ್ ಅರ್ಧ, ಜನ ಅರ್ಧ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮೂರು ಪೇಷಂಟಿಗೆ ಒಬ್ರು ನರ್ಸು, ಉಳಿದ ಕಡೆ ಐದಕ್ಕೊಬ್ರು. ನೈಟ್ ಡ್ಯೂಟೀಲಿ 30 ಬೆಡ್ಡಿಗೆ ಇಬ್ರಿದ್ದಾಗ ಐದು ಜನರನ್ನ ಎಲ್ಲಿಂದ ತರೋದು. 1948ರ ಫ್ಯಾಕ್ಟರೀಸ್ ಆಕ್ಟಿನ 34ನೇ ಸೆಕ್ಷನ್ನಲ್ಲೇ ಬರೆದಿದ್ರು, ಗಾಯ ಆಗೋ ಅಷ್ಟು ಭಾರ ಯಾರಿಂದಲೂ ಎತ್ತಿಸಬಾರ್ದು ಅಂತ, ಅದು ಫ್ಯಾಕ್ಟರಿ ಕೆಲಸದೋರಿಗೆ ಸಿಕ್ತು, ಆಸ್ಪತ್ರೆ ಫ್ಯಾಕ್ಟರಿ ಅಲ್ವಲ್ಲ. ಇನ್ನು ಯೂನಿಫಾರ್ಮ್ ಸೀರೆ ಉಟ್ಟು ಕಾಲಗಲಿಸಿ ನಿಂತು ಮೈಭಾರ ದಾಟ್ಸಿ ಅಂತ ಸಿಸ್ಟರ್ಸಿಗೆ ಹೇಳೋಕೂ ನನಗೆ ಮುಜುಗರ ಆಗ್ತಿತ್ತು, ನಮ್ಮಲ್ಲಿ ಪ್ಯಾಂಟು ಬಂದ್ಮೇಲೆ ಅದೊಂದು ತಪ್ಪಿತು.

ಮನೇಲಿ ಅಪ್ಪ ಅಮ್ಮನ್ನ ನೋಡ್ಕೊಳ್ತಿರೋರು ಕೆಲವರು ಮೆಸೇಜ್ ಮಾಡ್ತಿರ್ತೀರ, ನಿಮಗೆ ಎರಡೇ ಮಾತು. ಮಂಚ ಗೋಡೆಗೆ ತಾಗಿಸಿದ್ರೆ ಇವತ್ತೇ ಈಚೆ ಎಳೀರಿ, ಎರಡೂ ಕಡೆ ನಿಲ್ಲೋ ಹಾಗಿರಬೇಕು, ಮಂಚದ ಮೇಲೆ ಬಗ್ಗಿ ಆ ಕಡೆ ಕೈ ಚಾಚಿದ್ರೇನೇ ಸೊಂಟ ಹೋಗೋದು. ದಿವಾನ್ ಮಂಚ ತಗ್ಗಾಗಿರತ್ತೆ, ಬಡಗಿ ಹತ್ರ ನಾಲ್ಕು ಮರದ ಅಚ್ಚು ಮಾಡ್ಸಿ, ಮಂಚದ ಕಾಲು ಕೂರೋ ಹಾಗೆ ಮೇಲೆ ಗುಳಿ ಇರೋದು, ನಿಮ್ಮ ಸೊಂಟದ ಹತ್ತಿರಕ್ಕೆ ಎತ್ತರ ಬರ್ಲಿ, ಇಟ್ಟಿಗೆ ಇಟ್ರೆ ಅಲ್ಲಾಡತ್ತೆ. ಆದ್ರೆ ಅವರೇ ಎದ್ದು ಓಡಾಡೋ ಥರ ಇದ್ರೆ ಎತ್ತರ ಮಾಡ್ಬೇಡಿ, ಪಾದ ನೆಲಕ್ಕೆ ತಾಗಬೇಕು.

ಹೋದ ತಿಂಗಳು ಸ್ಟೋರಿಗೆ ಬೇಕಾದ ಸಾಮಾನು ಬರೆದು ಕಳಿಸೋ ಇಂಡೆಂಟ್ ಬುಕ್ಕಲ್ಲಿ "ಸ್ಲೈಡ್ ಶೀಟ್, 2" ಅಂತ ಬರೆದು ಕಳಿಸಿದ್ದೆ. ಸ್ಟೋರಿಂದ ಕೆಂಪು ಇಂಕಲ್ಲಿ "ಬೆಡ್‌ಶೀಟ್ ಈಗಾಗಲೇ ಕೊಟ್ಟಿದೆ" ಅಂತ ಬರೆದು ವಾಪಸ್ ಕಳಿಸಿದಾರೆ. ಈ ತಿಂಗಳು ಮತ್ತೆ ಬರೆದಿದೀನಿ, ಈ ಸಲ ಪಕ್ಕದಲ್ಲಿ ನನ್ನ ಎಂಆರ್‌ಐ ರಿಪೋರ್ಟಿನ ಜೆರಾಕ್ಸ್ ಪಿನ್ ಮಾಡಿದೀನಿ.